ಬೀಜದ ಪೊಟ್ಟಣ: ನಮ್ಮ ತಾರಸಿಯಿಂದ ಇನ್ನೊಬ್ಬರ ಕುಂಡಕ್ಕೆ

ಬೆಂಗಳೂರಿನ ತಾರಸಿಗಳಲ್ಲಿ ತರಕಾರಿ ಬೆಳೆಯುವವರಲ್ಲಿ ಹೆಚ್ಚಿನವರು ಬೀಜ ಉಳಿಸಲು ತೊಡಗುವುದು ಮೊದಲೇ ಯೋಚಿಸಿಕೊಂಡಲ್ಲ. ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಬೆಂಡೆಕಾಯಿ ಬಲಿತು ನಾರಾಗಿರುತ್ತದೆ, ಎಲೆಯ ಮರೆಯಲ್ಲಿದ್ದ ಹೀರೆಕಾಯಿ ಒಣಗಿ ಗಲಗಲ ಎನ್ನುತ್ತಿರುತ್ತದೆ. ಎಸೆಯಲು ಮನಸ್ಸಾಗದೆ ಬೀಜ ಬಿಡಿಸಿ ಯಾವುದೋ ಡಬ್ಬಿಗೆ ಹಾಕಿಡುತ್ತೇವೆ. ಸ್ವಂತಕ್ಕೆ ಇಟ್ಟುಕೊಳ್ಳುವ ಬೀಜಕ್ಕೆ ಅಷ್ಟು ಸಾಕಾಗಬಹುದು, ಏಕೆಂದರೆ ಅದು ಯಾವ ಗಿಡದ್ದು, ಯಾವಾಗ ಕಿತ್ತದ್ದು, ಆ ಗಿಡ ಹೇಗಿತ್ತು ಎಂಬುದೆಲ್ಲ ನಮ್ಮ ತಲೆಯಲ್ಲಿರುತ್ತದೆ. ಅದೇ ಬೀಜವನ್ನು ಕಾಗದದಲ್ಲಿ ಕಟ್ಟಿ ಇನ್ನೊಬ್ಬರ ಕೈಗೆ ಕೊಟ್ಟ ಮೇಲೆ ಅವರಿಗೆ ಆಧಾರವಾಗಿ ಉಳಿಯುವುದು ಆ ಪೊಟ್ಟಣವೊಂದೇ. ಹಾಗಾಗಿ ಇಲ್ಲಿ ವಿವರಿಸುತ್ತಿರುವುದು ಇನ್ನೊಬ್ಬರಿಗೆ ಕೊಡಲೆಂದೇ ಬೀಜ ಉಳಿಸುವ ಕ್ರಮ. ಪೊಟ್ಟಣ ಮಡಿಸುವುದು ಎರಡು ನಿಮಿಷದ ಕೆಲಸ. ಅದಕ್ಕೆ ಮೊದಲಿನ ಕೆಲಸ ಒಂದೆರಡು ತಿಂಗಳಿನದು.

ಯಾವ ಗಿಡದ ಬೀಜ

ಮೊದಲು ನೋಡಬೇಕಾದದ್ದು ಗಿಡ ಹೈಬ್ರಿಡ್ಡೋ ಅಲ್ಲವೋ ಎಂಬುದನ್ನು. ಅಂಗಡಿಯಿಂದ ತಂದ ಬೀಜದ ಪ್ಯಾಕೆಟ್ಟಿನ ಮೇಲೆ ‘ಎಫ್ 1’ ಎಂದಿದ್ದರೆ ಅದು ಎರಡು ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ. ಅದರ ಕಾಯಿಂದ ತೆಗೆದ ಬೀಜ ಮೊಳೆಯುತ್ತದೆ, ಆದರೆ ಹತ್ತು ಗಿಡ ಹತ್ತು ಬಗೆಯಾಗಿ ಬರಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲೇ ಈ ಎರಡೂ ಬಗೆ ಇವೆ: ಅರ್ಕ ರಕ್ಷಕ್ ಟೊಮೇಟೊ ಹೈಬ್ರಿಡ್, ಅರ್ಕ ವಿಕಾಸ್ ಟೊಮೇಟೊ ಮತ್ತು ಅರ್ಕ ಅನಾಮಿಕ ಬೆಂಡೆ ಬೀಜ ಉಳಿಸಿಕೊಳ್ಳಬಹುದಾದ ತಳಿಗಳು. ಮಾರುಕಟ್ಟೆಯಲ್ಲಿ ‘ನಾಟಿ’ ಎಂದು ಕೂಗಿ ಮಾರುವ ಟೊಮೇಟೊ ನಿಜವಾಗಿಯೂ ನಾಟಿ ಎಂಬುದಕ್ಕೆ ಆ ಕೂಗಿನ ಹೊರತು ಬೇರೆ ಸಾಕ್ಷಿ ಇರುವುದಿಲ್ಲ. ಅಂಥ ಹಣ್ಣಿನ ಬೀಜವನ್ನು ಒಮ್ಮೆ ನೀವೇ ಬೆಳೆದು ನೋಡಿ, ಮುಂದಿನ ಪೀಳಿಗೆಯಲ್ಲಿ ಅದೇ ಹಣ್ಣು ಬಂದರೆ ಮಾತ್ರ ಹಂಚುವುದು ಒಳ್ಳೆಯದು.

ಎರಡನೆಯದಾಗಿ, ಪಕ್ಕದ ಗಿಡದ ಪರಾಗ ಸೇರಿರಬಹುದೇ ಎಂಬುದನ್ನು ನೋಡಬೇಕು. ಟೊಮೇಟೊ, ಹುರುಳಿಕಾಯಿ, ಅವರೆ, ಅಲಸಂದೆಗಳು ಬಹುಮಟ್ಟಿಗೆ ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಹೊಸಬರು ಇವುಗಳಿಂದ ತೊಡಗಿದರೆ ತಪ್ಪಾಗುವುದು ಕಡಿಮೆ. ಮೆಣಸಿನ ಗಿಡ ಹಾಗಲ್ಲ. ನಾನು ಒಂದು ವರ್ಷ ಬಜ್ಜಿ ಮೆಣಸಿನಕಾಯಿ ಮತ್ತು ಬ್ಯಾಡಗಿ ಮೆಣಸಿನ ಕುಂಡಗಳನ್ನು ಒಂದೇ ಮೋಟುಗೋಡೆಯ ಮೇಲೆ ಸಾಲಾಗಿ ಇಟ್ಟು, ಬಜ್ಜಿ ಮೆಣಸಿನ ಬೀಜವನ್ನು ಗೆಳತಿಗೆ ಕೊಟ್ಟಿದ್ದೆ. ಅವಳ ಮನೆಯಲ್ಲಿ ಬೆಳೆದ ಕಾಯಿ ನೋಡಲು ಬಜ್ಜಿಯದಕ್ಕಿಂತ ತುಸು ಸಪೂರವಾಗಿತ್ತು, ಅಷ್ಟೇ. ಬಜ್ಜಿ ತಿಂದ ಅವಳ ಅತ್ತೆ ಮಾತ್ರ ಎರಡು ಲೋಟ ಮಜ್ಜಿಗೆ ಕುಡಿದರಂತೆ. ಅಂದಿನಿಂದ ಬೀಜಕ್ಕೆಂದು ಬಿಡುವ ಮೆಣಸಿನ ಕೊಂಬೆಗೆ ಹೂವು ಅರಳುವ ಮೊದಲೇ ಹಳೆಯ ಸೊಳ್ಳೆಪರದೆಯಿಂದ ಹೊಲಿದ ಪುಟ್ಟ ಚೀಲ ತೊಡಿಸುತ್ತೇನೆ, ಒಳಗೆ ಕಾಯಿ ಕಟ್ಟಿದ ಮೇಲೆ ಚೀಲ ತೆಗೆದು ಆ ತೊಟ್ಟಿಗೆ ಕೆಂಪು ದಾರ ಕಟ್ಟುತ್ತೇನೆ.

ಕುಂಬಳ, ಸೋರೆ, ಹೀರೆ, ಸೌತೆಗಳಲ್ಲಿ ಹೆಣ್ಣು ಹೂ, ಗಂಡು ಹೂ ಬೇರೆ ಬೇರೆಯಾಗಿರುವುದರಿಂದ ಜೇನ್ನೊಣ ಎಲ್ಲಿಂದ ಪರಾಗ ತಂದಿತೆಂದು ಹೇಳಲಾಗದು. ಕೈಯಿಂದಲೇ ಪರಾಗ ಮುಟ್ಟಿಸಿ, ಹೂವಿನ ಬಾಯಿಗೆ ದಾರ ಕಟ್ಟಿದರೆ ಕಾಯಿ ಶುದ್ಧವಾಗಿ ಉಳಿಯುತ್ತದೆ. ಕುಂಬಳದ ಹೂ ಬೆಳಿಗ್ಗೆ ಅರಳುವುದರಿಂದ ಅದಕ್ಕೆ ಬೆಳಗಿನ ಹೊತ್ತು ಸರಿ. ಸೋರೆ ಮತ್ತು ಹೀರೆ ಸಂಜೆ ಅರಳುತ್ತವೆ, ಕಚೇರಿಯಿಂದ ಬಂದ ಮೇಲೂ ಆ ಕೆಲಸ ಮಾಡಬಹುದು. ಸೋರೆಯ ವಿಷಯದಲ್ಲಿ ಇನ್ನೊಂದು ಎಚ್ಚರವಿದೆ. ಬಳ್ಳಿಯ ಎಳೆಯ ಕಾಯೊಂದರ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಾಗಿದ್ದರೆ ಉಗಿದುಬಿಡಿ; ಆ ಬಳ್ಳಿಯ ಕಾಯಿ ಅಡುಗೆಗೂ ಬೇಡ, ಬೀಜಕ್ಕೂ ಬೇಡ. ಆ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಎಂಬ ಅಂಶ ವಿಷಕಾರಿ, ಬೇಯಿಸಿದರೂ ಹೋಗುವುದಿಲ್ಲ.

ಕರಿಬೇವು, ಹಲಸು, ಮಾವುಗಳ ಬೀಜ ಪೊಟ್ಟಣಕ್ಕೆ ಒಗ್ಗುವುದಿಲ್ಲ. ಅವು ಒಣಗಿದರೆ ಸಾಯುತ್ತವೆ. ಕೊಡುವುದಿದ್ದರೆ ಹಣ್ಣನ್ನೇ ಕೊಡಿ.

ಬಲಿಯಲು ಬಿಡುವುದು

ನಾವು ತಿನ್ನುವ ಹದ ಬೇರೆ, ಬೀಜದ ಹದ ಬೇರೆ. ಬೆಂಡೆಕಾಯಿ ಗಿಡದಲ್ಲೇ ಒಣಗಿ ಕಂದಾಗಿ ಏಣುಗಳು ಬಿರಿಯುವ ತನಕ, ಬದನೆ ಹಳದಿಗೆ ತಿರುಗುವ ತನಕ, ಸೌತೆ ಹಣ್ಣಾಗುವ ತನಕ, ಹೀರೆ ಒಳಗೆ ಬಲೆಯಾಗಿ ಬೀಜ ಅಲುಗಾಡುವ ತನಕ ಕಾಯಬೇಕು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ ಒಳ್ಳೆಯ ಕಾಯಿಗಳನ್ನೆಲ್ಲ ಹುಳಿಗೆ, ಪಲ್ಯಕ್ಕೆ ಕಿತ್ತು, ಕೊನೆಯಲ್ಲಿ ಉಳಿದ ಸೊಟ್ಟ ಕಾಯಿಯನ್ನು ಬೀಜಕ್ಕೆ ಬಿಡುವುದು. ಚೆನ್ನಾಗಿ ಬಂದ ಗಿಡದ, ಎರಡನೆಯ ಅಥವಾ ಮೂರನೆಯ ಸಲ ಬಿಟ್ಟ ಕಾಯಿಗೆ ಮೊದಲೇ ದಾರ ಕಟ್ಟಿ, ಅದನ್ನು ಯಾರೂ ಕೀಳಬಾರದೆಂದು ಮನೆಯವರಿಗೆಲ್ಲ ಹೇಳಿಡಿ. ಎಲೆ ಮುದುರಿದ, ಬಣ್ಣಗೆಟ್ಟು ಮಚ್ಚೆ ಬಿದ್ದ ಗಿಡದಿಂದ ಬೀಜ ತೆಗೆಯಬೇಡಿ. ಕೆಲವು ರೋಗಗಳು ಬೀಜದೊಂದಿಗೇ ಇನ್ನೊಬ್ಬರ ಮನೆಗೆ ಹೋಗುತ್ತವೆ.

ಕೆಲವು ಹೂವುಗಳ ಬೀಜ ಹಿಡಿಯುವುದೇ ಒಂದು ಆಟ. ಕನಕಾಂಬರದ ಒಣಗಿದ ತೆನೆಗೆ ನೀರು ತಾಕಿದರೆ ಪಟಪಟನೆ ಸಿಡಿದು ಬೀಜ ನಾಲ್ಕಡಿ ದೂರ ಹಾರುತ್ತದೆ, ಆದ್ದರಿಂದ ತೆನೆಯನ್ನು ಕೊಯ್ದು ಕಾಗದದ ಚೀಲದೊಳಗಿಟ್ಟು ಚೀಲದ ಬಾಯಿ ಹಿಡಿದುಕೊಂಡು ಎರಡು ಹನಿ ನೀರು ಚಿಮುಕಿಸುವುದು ಸುಲಭದ ದಾರಿ. ಈ ಕೆಲಸವನ್ನು ಮಕ್ಕಳಿಗೆ ಬಿಡಿ.

ಟೊಮೇಟೊ ಬೀಜಕ್ಕೆ ಮಾತ್ರ ಸ್ವಲ್ಪ ವಿವರ ಬೇಕು. ಅದರ ಪ್ರತಿ ಬೀಜದ ಸುತ್ತ ಮೊಳಕೆಯನ್ನು ತಡೆಯುವ ಲೋಳೆಯಿರುತ್ತದೆ. ಚೆನ್ನಾಗಿ ಹಣ್ಣಾದುದನ್ನು ಅಡ್ಡ ಕೊಯ್ದು ಬೀಜ, ರಸವನ್ನು ಗಾಜಿನ ಲೋಟಕ್ಕೆ ಹಿಂಡಿ, ಎರಡು ಚಮಚ ನೀರು ಸೇರಿಸಿ, ತೆಳುಬಟ್ಟೆ ಮುಚ್ಚಿ ಮೂಲೆಯಲ್ಲಿಡಿ. ದಿನಕ್ಕೆರಡು ಸಲ ಕದಡಿ. ಬೇಸಿಗೆಯಲ್ಲಿ ಎರಡು ದಿನಕ್ಕೆ, ಡಿಸೆಂಬರಿನ ಚಳಿಯಲ್ಲಿ ಮೂರು ದಿನಕ್ಕೆ ಮೇಲೆ ಬಿಳಿಯ ಪೊರೆ ಕಟ್ಟಿ ಹುಳಿ ವಾಸನೆ ಬರುತ್ತದೆ. ಆಗ ಲೋಟದ ತುಂಬ ನೀರು ಹಾಕಿದರೆ ಗಟ್ಟಿ ಬೀಜ ತಳ ಸೇರುತ್ತದೆ, ಜೊಳ್ಳು ಮತ್ತು ತಿರುಳು ತೇಲುತ್ತವೆ. ತೇಲಿದ್ದನ್ನು ಬಗ್ಗಿಸಿ ಚೆಲ್ಲಿ, ಉಳಿದುದನ್ನು ಟೀ ಸೋಸುವ ಜಾಲರಿಯಲ್ಲಿ ತೊಳೆದು, ಪಿಂಗಾಣಿ ಅಥವಾ ಸ್ಟೀಲ್ ತಟ್ಟೆಯಲ್ಲಿ ಹರಡಿ. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು, ಬಿಡಿಸುವಾಗ ಕಾಗದವೂ ಕಿತ್ತುಬರುತ್ತದೆ. ಲೋಟವನ್ನು ಮರೆತು ಐದಾರು ದಿನ ಬಿಟ್ಟಿರೋ, ಬೀಜ ಅಲ್ಲೇ ಮೊಳೆಯಲು ಶುರುವಾಗುತ್ತದೆ.

ಒಣಗಿಸುವುದು

ನನ್ನ ಅನುಭವದಲ್ಲಿ ಹಂಚಿದ ಬೀಜ ಕೈಕೊಡುವುದಕ್ಕೆ ಮುಖ್ಯ ಕಾರಣ ಅರೆಬರೆ ಒಣಗಿದ ಬೀಜವೇ. ಬೀಜ ಸಂಗ್ರಹದ ಬಗ್ಗೆ ಹ್ಯಾರಿಂಗ್ಟನ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಪ್ರಸಿದ್ಧವಾದ ಲೆಕ್ಕವೊಂದಿದೆ: ಬೀಜದಲ್ಲಿನ ತೇವಾಂಶ ಶೇ. 1ರಷ್ಟು ಕಡಿಮೆಯಾದಂತೆ ಅದರ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದಾಗಲೂ ಹಾಗೆಯೇ. ಅದೇ ಲೆಕ್ಕದ ಇನ್ನೊಂದು ರೂಪದಂತೆ, ಇಡುವ ಜಾಗದ ಉಷ್ಣತೆಯನ್ನು ಫ್ಯಾರನ್‌ಹೀಟಿನಲ್ಲಿ, ಗಾಳಿಯ ಆರ್ದ್ರತೆಯನ್ನು ಶೇಕಡಾವಾರಿನಲ್ಲಿ ತೆಗೆದುಕೊಂಡು ಕೂಡಿಸಿದರೆ 100ನ್ನು ಮೀರಬಾರದು. ಮಳೆಗಾಲದ ಬೆಂಗಳೂರಿನಲ್ಲಿ ಮನೆಯೊಳಗೆ 75 ಡಿಗ್ರಿ ಫ್ಯಾರನ್‌ಹೀಟ್, ಆರ್ದ್ರತೆ ಶೇ. 75 ಎಂದಿಟ್ಟುಕೊಂಡರೂ ಮೊತ್ತ 150 ಆಗುತ್ತದೆ. ನಮಗೆ ಹಿತವೆನಿಸುವ ಈ ಹವೆ ಬೀಜಕ್ಕೆ ಹಿತವಲ್ಲ ಎಂಬುದನ್ನು ಊರವರು ಸುಲಭವಾಗಿ ಒಪ್ಪುವುದಿಲ್ಲ.

ಹೀಗಾಗಿ ನಮ್ಮಲ್ಲಿ ಬೀಜ ಒಣಗಿಸಲು ಜನವರಿಯಿಂದ ಏಪ್ರಿಲ್ ಮೊದಲ ಭಾಗದವರೆಗಿನ ಒಣಹವೆ ಸೂಕ್ತ. ಮೊದಲು ಮೊರದಲ್ಲಿ ಕೇರಿ ಜೊಳ್ಳು, ಹೊಟ್ಟು ತೆಗೆಯಿರಿ. ಅವರೆ, ಅಲಸಂದೆಯಂಥ ಕಾಳುಗಳಿಗೆ ಬೆಳಗಿನ ಎಳೆ ಬಿಸಿಲು ಎರಡು ಮೂರು ದಿನ ಆದೀತು. ಟೊಮೇಟೊ, ಬದನೆ, ಮೆಣಸಿನ ಬೀಜಕ್ಕೆ ನೆರಳು ಮತ್ತು ಫ್ಯಾನಿನ ಗಾಳಿಯೇ ಸರಿ, ಅದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾದ ತಾರಸಿಯ ಸಿಮೆಂಟಿನ ಮೇಲೆ, ಅದರಲ್ಲೂ ಸ್ಟೀಲ್ ತಟ್ಟೆಯಲ್ಲಿ, ಬೀಜ ಹರಡಬೇಡಿ. ಸಂಡಿಗೆಗೆ ಒಳ್ಳೆಯದಾದ ಬಿಸಿಲು ಬೀಜದೊಳಗಿನ ಜೀವಕ್ಕೆ ಹೆಚ್ಚಾಗುತ್ತದೆ. ಒವನ್, ಮೈಕ್ರೊವೇವುಗಳ ಮಾತೇ ಬೇಡ.

ಒಣಗಿದೆಯೇ ಎಂದು ನೋಡುವುದಕ್ಕೆ ಯಂತ್ರ ಬೇಕಿಲ್ಲ. ಅವರೆಕಾಳನ್ನು ಹಲ್ಲಿನಿಂದ ಕಚ್ಚಿದರೆ ಗುರುತು ಮೂಡಬಾರದು. ಕುಂಬಳದ ಬೀಜವನ್ನು ಬಗ್ಗಿಸಿದರೆ ಬಾಗದೆ ಪಟ್ಟೆಂದು ಮುರಿಯಬೇಕು. ಸಣ್ಣ ಬೀಜವನ್ನು ಒಣ ಗಾಜಿನ ಸೀಸೆಗೆ ಹಾಕಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಗೋಡೆಯಲ್ಲಿ ಮಂಜು ಕಂಡರೆ ಅಥವಾ ಬೀಜ ಒಂದಕ್ಕೊಂದು ಅಂಟಿದ್ದರೆ ಮತ್ತೆ ತಟ್ಟೆಗೆ ಸುರಿಯಬೇಕು.

ಹುಳದ ಮಾತು

ಒಮ್ಮೆ ಎದುರುಮನೆಯ ಹಿರಿಯರಿಗೆ ಅಲಸಂದೆಯ ಪೊಟ್ಟಣ ಕೊಟ್ಟಿದ್ದೆ. ತಿಂಗಳ ಮೇಲೆ ಅವರು ಅದನ್ನು ಹಾಗೆಯೇ ತಂದು ನನ್ನ ಕೈಯಲ್ಲಿಟ್ಟು, “ಏನಮ್ಮಾ, ಬೀಜ ಕೊಟ್ಟೆಯೋ, ಹುಳ ಕೊಟ್ಟೆಯೋ?” ಎಂದರು. ಕಾಗದದಲ್ಲಿ ದಬ್ಬಣದಿಂದ ಚುಚ್ಚಿದಂಥ ಮೂರು ದುಂಡು ತೂತು, ಅಲ್ಲಾಡಿಸಿದರೆ ರಾಗಿ ಹಿಟ್ಟಿನಂಥ ಪುಡಿ ಉದುರುತ್ತಿತ್ತು, ಹದಿನೈದು ಕಾಳಿನಲ್ಲಿ ಹನ್ನೊಂದು ಟೊಳ್ಳು. ಈ ಹುಳ ಹೊರಗಿನಿಂದ ಬಂದದ್ದಲ್ಲ. ಕಾಯಿ ಗಿಡದಲ್ಲಿರುವಾಗಲೇ ಅದರ ಮೇಲೆ ಮೊಟ್ಟೆಯಿಟ್ಟಿರುತ್ತದೆ, ಮರಿ ಕಾಳಿನೊಳಗೇ ಬೆಳೆದು ತೂತು ಕೊರೆದು ಹೊರಬರುತ್ತದೆ. ಕಾಳಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಕಂಡರೆ ಅದು ಮೊಟ್ಟೆಯೆಂದೇ ತಿಳಿಯಿರಿ.

ಹಳ್ಳಿಗಳಲ್ಲಿ ಕಾಳಿಗೆ ಹರಳೆಣ್ಣೆ ಸವರುತ್ತಾರೆ, ಕೆಮ್ಮಣ್ಣು ಕಟ್ಟುತ್ತಾರೆ, ಬೂದಿ ಬೆರೆಸುತ್ತಾರೆ, ಬೇವಿನೆಲೆ ಹಾಕುತ್ತಾರೆ. ಮನೆಯ ಡಬ್ಬಿಗೆ ಇವೆಲ್ಲ ಒಪ್ಪುತ್ತವೆ, ಆದರೆ ಎಣ್ಣೆ ಹಚ್ಚಿದ ಕಾಳು ಕಾಗದದ ಪೊಟ್ಟಣವನ್ನು ಒಂದೇ ದಿನದಲ್ಲಿ ಜಿಡ್ಡಾಗಿಸಿ, ಬರೆದದ್ದನ್ನು ಅಳಿಸಿಬಿಡುತ್ತದೆ. ಹಂಚುವ ಕಾಳಿಗೆ ಫ್ರೀಜರ್ ಉತ್ತಮ: ಸಂಪೂರ್ಣ ಒಣಗಿದ ಕಾಳನ್ನು ಗಾಳಿಯಾಡದ ಸೀಸೆಯಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿಟ್ಟರೆ ಮೊಟ್ಟೆ, ಮರಿಗಳೆರಡೂ ಸಾಯುತ್ತವೆ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ಸೀಸೆ ಕೋಣೆಯ ಹದಕ್ಕೆ ಬರುವವರೆಗೆ ಅರ್ಧ ದಿನ ಬಿಡಿ, ಇಲ್ಲವಾದರೆ ತಣ್ಣನೆಯ ಕಾಳಿನ ಮೇಲೆ ನೀರು ಇಳಿಯುತ್ತದೆ. ಅರೆ ಒಣಗಿದ ಕಾಳನ್ನು ಫ್ರೀಜರಿಗೆ ಹಾಕಿದರೆ ಹುಳದ ಜೊತೆ ಬೀಜವೂ ಸಾಯುತ್ತದೆ.

ಪೊಟ್ಟಣ ಮಡಿಸುವುದು

ಕಾಗದ ಆರಿಸುವಾಗ ನೋಡಬೇಕಾದದ್ದು ಎರಡು: ಅದು ಮಡಿಕೆ ಹಿಡಿಯಬೇಕು, ಅದರ ಮೇಲೆ ಬರೆಯಲು ಬರಬೇಕು. ಒಂದು ಬದಿ ಮುದ್ರಿತವಾದ ಎ4 ಹಾಳೆ, ಮಕ್ಕಳ ಹಳೆಯ ನೋಟ್‌ಬುಕ್ಕಿನ ಹಾಳೆಗಳು ಚೆನ್ನಾಗಿ ಒದಗುತ್ತವೆ. ಗೆರೆಯಿರುವ ಹಾಳೆಯಾದರೆ ಬರೆಯುವುದಕ್ಕೂ ಅನುಕೂಲ. ಹೊಳಪಿನ ಕ್ಯಾಲೆಂಡರ್ ಹಾಳೆ ನೋಡಲು ಚೆಂದ, ಆದರೆ ಮಡಿಸಿದಲ್ಲಿ ಬಿಚ್ಚಿಕೊಳ್ಳುತ್ತದೆ, ಪೆನ್ನೂ ಹಿಡಿಯುವುದಿಲ್ಲ. ಸುದ್ದಿಪತ್ರಿಕೆಯ ಕಾಗದ ಬೇಗ ತೇವ ಹೀರಿ ಮೆತ್ತಗಾಗುವುದರಿಂದ ಅದು ಅವರೆಯಂಥ ದೊಡ್ಡ ಕಾಳಿಗೆ, ಅದೂ ಬೇಗ ಬಿತ್ತುವುದಾದರೆ ಮಾತ್ರ. ಮೈದಾ ಅಂಟು ಬಳಸಬೇಡಿ, ಜಿರಲೆಗೆ ಅದು ಊಟ. ಸ್ಟೇಪ್ಲರ್ ಪಿನ್ ತುಕ್ಕು ಹಿಡಿಯುತ್ತದೆ. ಕೆಳಗೆ ಹೇಳಿರುವ ಮಡಿಕೆಗೆ ಎರಡೂ ಬೇಕಿಲ್ಲ.

ಶಾಲೆಯಲ್ಲಿ ಕಾಗದದ ಲೋಟ ಮಾಡಿ ನೀರು ಕುಡಿದವರಿಗೆ ಈ ಮಡಿಕೆ ಕೈಗೆ ನೆನಪಿರುತ್ತದೆ. ಎ4 ಹಾಳೆಯ ಅಗಲ 21 ಸೆಂ.ಮೀ.; ಅದರಿಂದ 21 ಸೆಂ.ಮೀ. ಚೌಕವನ್ನು ಕತ್ತರಿಸಿಕೊಂಡರೆ ಉಳಿಯುವ ಪಟ್ಟಿ ಚೀಟಿಗೆ ಆಗುತ್ತದೆ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ ತ್ರಿಕೋನ ಮಾಡಿ, ಉದ್ದನೆಯ ಮಡಿಕೆ ನಿಮ್ಮ ಕಡೆಗೆ, ತುದಿ ಮೇಲಕ್ಕೆ ಇರುವಂತೆ ಮೇಜಿನ ಮೇಲಿಡಿ. ಈಗ ಬಲಗಡೆಯ ಮೂಲೆಯನ್ನು ಎತ್ತಿ ಎಡಗಡೆಯ ಓರೆ ಅಂಚಿಗೆ ತಾಗಿಸಿ. ಹಾಗೆ ಬಂದ ರೆಕ್ಕೆಯ ಮೇಲಂಚು ಕೆಳಗಿನ ಮಡಿಕೆಗೆ ಸಮಾನಾಂತರವಾಗಿದ್ದರೆ ಮೂಲೆ ಸರಿಯಾದ ಜಾಗದಲ್ಲಿದೆ ಎಂದರ್ಥ. ಉಗುರಿನಿಂದ ಗೀರಿ ಮಡಿಕೆಯನ್ನು ಗಟ್ಟಿಮಾಡಿ. ಎಡಗಡೆಯ ಮೂಲೆಯನ್ನು ಹಾಗೆಯೇ ಅದರ ಮೇಲೆ ಬಲಕ್ಕೆ ತನ್ನಿ. ಈಗ ಮೇಲೆ ಎರಡು ಪದರದ ತುದಿ ನಿಂತಿರುತ್ತದೆ. ಮುಂದಿನ ಪದರವನ್ನು ಮುಂದಕ್ಕೆ ಬಗ್ಗಿಸಿ, ಎಡದಿಂದ ಬಂದ ರೆಕ್ಕೆಯ ಸಂದಿನೊಳಗೆ ತೂರಿಸಿದರೆ ಲೋಟದ ಬಾಯಿ ತೆರೆಯುತ್ತದೆ. ಮೇಲೆ ಸುಮಾರು 12, ಕೆಳಗೆ 5 ಸೆಂ.ಮೀ. ಅಗಲದ ಈ ಲೋಟಕ್ಕೆ ಬೀಜ ಹಾಕಿ, ಹಿಂದಿನ ಪದರವನ್ನೂ ಅದೇ ಸಂದಿಗೆ ಸೇರಿಸಿದರೆ ಪೊಟ್ಟಣ ಮುಚ್ಚಿತು. ತಳದಲ್ಲಿ ಸೀಳಿಲ್ಲದ ಮಡಿಕೆಯಿರುವುದರಿಂದ, 1 ಗ್ರಾಮಿಗೆ ಸಾವಿರಕ್ಕೂ ಹೆಚ್ಚು ಬರುವ ದಂಟಿನ ಬೀಜವೂ ಸೋರುವುದಿಲ್ಲ. ಅಂಗಡಿಯ ಲಕೋಟೆಗಳ ಕೆಳಮೂಲೆಯಿಂದ ಇಂಥ ಬೀಜ ಸೋರಿಹೋಗುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಒಂದು ಪೊಟ್ಟಣಕ್ಕೆ ಟೊಮೇಟೊ, ಬದನೆ, ಮೆಣಸು 25 ಬೀಜ, ಕಾಳಾದರೆ 15, ಬಳ್ಳಿ ತರಕಾರಿಗೆ 6, ಸೊಪ್ಪಿಗೆ ಒಂದು ಚಿಟಿಕೆ ಧಾರಾಳವಾಯಿತು. ತಾರಸಿಯಲ್ಲಿ ಆರು ಸೋರೆಬಳ್ಳಿ ಹಬ್ಬಿಸುವವರು ಯಾರೂ ಇಲ್ಲ.

ಮೇಲೆ ಬರೆಯುವುದು

ಬೀಜ ತುಂಬುವ ಮೊದಲೇ ಬರೆಯಿರಿ. ತುಂಬಿದ ಮೇಲೆ ಬರೆದರೆ ಪೆನ್ನಿನ ಮೊನೆ ಬೀಜದ ಉಬ್ಬಿಗೆ ಸಿಕ್ಕಿ ಕಾಗದ ಹರಿಯುತ್ತದೆ. ಜೆಲ್ ಪೆನ್ನಿನ ಬರಹ ಒದ್ದೆ ಕೈ ತಾಗಿದರೆ ಕದಡುತ್ತದೆ. ಪೆನ್ಸಿಲ್ ಬರಹ ಮಾತ್ರ ವರ್ಷಗಟ್ಟಲೆ ನಿಲ್ಲುತ್ತದೆ.

ಬೆಳೆಯ ಹೆಸರು, ಕಿತ್ತ ತಿಂಗಳು ಮತ್ತು ವರ್ಷ, ಬೆಳೆದ ಬಡಾವಣೆ, ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಪಡೆದವರಿಗೆ ನಿಜವಾಗಿ ಬೇಕಾಗುವುದು ಮುಂದಿನ ಎರಡು ಮೂರು ಸಾಲು. ಅವರೆಯ ಉದಾಹರಣೆ ತೆಗೆದುಕೊಳ್ಳೋಣ. ಸೊಗಡಿರುವ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಬೆಳೆ. ಅದನ್ನು ಜೂನ್–ಜುಲೈಯಲ್ಲಿ ಬಿತ್ತಿದರೆ ಸಂಕ್ರಾಂತಿಯ ಹೊತ್ತಿಗೆ ಹಿತಕಬೇಳೆ ಸಾರಿಗೆ ಕಾಯಿ ಸಿಗುತ್ತದೆ, ಫೆಬ್ರವರಿಯಲ್ಲಿ ಬಿತ್ತಿದವರಿಗೆ ತಿಂಗಳುಗಟ್ಟಲೆ ಬರೀ ಬಳ್ಳಿ, ಬರೀ ಎಲೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ತಳಿಗೆ ಈ ಕಟ್ಟುಪಾಡಿಲ್ಲ, ವರ್ಷದ ಯಾವ ಕಾಲದಲ್ಲೂ ಕಾಯಿ ಬಿಡುತ್ತದೆ. ಎರಡರ ಕಾಳನ್ನೂ ‘ಅವರೆ’ ಎಂದಷ್ಟೇ ಬರೆದು ಕೊಟ್ಟರೆ ತಪ್ಪು ಪಡೆದವರದ್ದಾಗುವುದಿಲ್ಲ. ಹೀಗೆ ಬಿತ್ತುವ ಕಾಲ, ಆಳ, ಪಕ್ಕದಲ್ಲಿ ಬೇರೆ ಯಾವ ತಳಿ ಇತ್ತು ಎಂಬ ಮಾತು ಪೊಟ್ಟಣದ ಮೇಲೆ ಇರಲಿ. ‘ಬ್ಯಾಡಗಿ ಪಕ್ಕದಲ್ಲಿತ್ತು, ಖಾರ ಬರಬಹುದು’ ಎಂದು ಬರೆಯುವುದರಲ್ಲಿ ನಾಚಿಕೆಯೇನಿಲ್ಲ. ಹರಳು, ಗುಲಗಂಜಿಯಂಥ ವಿಷದ ಬೀಜಗಳನ್ನು ಹಂಚದಿರುವುದೇ ಲೇಸು. ಅಂಗಡಿಯಿಂದ ತಂದ, ಔಷಧ ಲೇಪಿಸಿ ಗುಲಾಬಿ ಅಥವಾ ನೀಲಿ ಬಣ್ಣ ಕೊಟ್ಟ ಬೀಜವನ್ನು ಮನೆಯ ಪೊಟ್ಟಣಕ್ಕೆ ಬದಲಾಯಿಸಬೇಡಿ, ಮೂಲ ಪ್ಯಾಕೆಟ್ಟಿನ ಎಚ್ಚರಿಕೆ ಕಳೆದುಹೋಗುತ್ತದೆ.

ಹಂಚುವ ಮೊದಲು ಮೊಳಕೆ ಪರೀಕ್ಷೆ ಮಾಡಿ. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ಡಬ್ಬಿಯಲ್ಲಿಡಿ; ಕಾಳುಗಳು ನಾಲ್ಕೈದು ದಿನದಲ್ಲಿ, ಟೊಮೇಟೊ ಒಂದು ವಾರದಲ್ಲಿ, ಮೆಣಸು ಮತ್ತು ಬದನೆ ಎರಡು ವಾರದೊಳಗೆ ಮೊಳೆಯಬೇಕು. ಎಂಟು ಮೊಳೆತರೆ ‘10ಕ್ಕೆ 8’ ಎಂದು ಬರೆಯಿರಿ. ಐದಕ್ಕಿಂತ ಕಡಿಮೆಯಾದರೆ ಆ ಬೀಜ ನಿಮ್ಮಲ್ಲೇ ಇರಲಿ.

ಇಡುವುದು, ಕೊಡುವುದು

ಕಾಗದ ಉಸಿರಾಡುತ್ತದೆ ಎಂದು ಹೊಗಳುತ್ತೇವೆ. ಜೂನ್ ಬಂದರೆ ಅದೇ ಅದರ ದೋಷ. ಪೊಟ್ಟಣಗಳನ್ನು ಗಟ್ಟಿ ಮುಚ್ಚಳದ ಗಾಜಿನ ಸೀಸೆಯಲ್ಲಿ ನಿಲ್ಲಿಸಿ, ತಳದಲ್ಲಿ ಸಿಲಿಕಾ ಜೆಲ್ ಇಲ್ಲವೇ ಬಾಣಲೆಯಲ್ಲಿ ಹುರಿದು ಆರಿಸಿದ ಅಕ್ಕಿಯ ಗಂಟು ಹಾಕಿ, ಫ್ರಿಜ್ಜಿನ ಕೆಳಭಾಗದಲ್ಲಿಡಿ. ಹೀಗಿಟ್ಟರೆ ಟೊಮೇಟೊ, ಬದನೆ ಬೀಜ ನಾಲ್ಕು ವರ್ಷ, ಹುರುಳಿಕಾಯಿ ಮೂರು ವರ್ಷ ಬಾಳುತ್ತವೆ. ಈರುಳ್ಳಿ ಬೀಜವನ್ನು ಮಾತ್ರ ವರ್ಷದೊಳಗೆ ಬಿತ್ತಿಬಿಡಬೇಕು.

ಕೊಡುವುದಕ್ಕೆ ನನಗೆ ಕಂಡ ಒಳ್ಳೆಯ ಹೊತ್ತು ಸಂಕ್ರಾಂತಿ. ಎಳ್ಳು ಬೀರಲು ಹೇಗೂ ಮನೆಮನೆಗೆ ಹೋಗುತ್ತೇವೆ, ಹವೆಯೂ ಒಣಗಿರುತ್ತದೆ, ಎಳ್ಳುಬೆಲ್ಲದ ಪಕ್ಕದಲ್ಲಿ ಒಂದು ಪೊಟ್ಟಣ ಇಟ್ಟರೆ ಬೇಡವೆನ್ನುವವರಿಲ್ಲ. ಗೌರಿಹಬ್ಬದ ಬಾಗಿನದ ಜೊತೆ ಕೊಡುವುದಾದರೆ ಮಳೆಗಾಲವಾದ್ದರಿಂದ ಅಂದು ಬೆಳಿಗ್ಗೆಯೇ ಸೀಸೆಯಿಂದ ತೆಗೆದು, ವಾರದೊಳಗೆ ಬಿತ್ತಿರೆಂದು ಹೇಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುವ ಕೃಷಿ ಮೇಳ, ಲಾಲ್‌ಬಾಗಿನ ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಗಳಿಗೆ ಹೋಗುವಾಗ ಚೀಲದಲ್ಲಿ ಹತ್ತು ಪೊಟ್ಟಣ ಇದ್ದರೆ, ತಾರಸಿ ತೋಟದವರು ಮಾತಿಗೆ ಸಿಕ್ಕಾಗ ಬದಲಿಗೆ ಏನಾದರೊಂದು ಸಿಕ್ಕೇ ಸಿಗುತ್ತದೆ. ರಕ್ಷಿತ ತಳಿಗಳ ಬೀಜವನ್ನೂ ಉಳಿಸುವ, ವಿನಿಮಯ ಮಾಡಿಕೊಳ್ಳುವ, ಹಂಚುವ ಹಕ್ಕನ್ನು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001 ರೈತರಿಗೆ ಕೊಟ್ಟಿದೆ; ಬ್ರ್ಯಾಂಡ್ ಹೆಸರು ಹಾಕಿ ಮಾರುವುದಕ್ಕೆ ಮಾತ್ರ ಅದರಲ್ಲಿ ಅವಕಾಶವಿಲ್ಲ. ಅಂಚೆಯಲ್ಲಿ ಬೇರೆ ಊರಿಗೆ ಕಳಿಸುವಾಗ ಪೊಟ್ಟಣವನ್ನು ಎರಡು ರಟ್ಟಿನ ತುಂಡುಗಳ ನಡುವೆ ಇಡಿ, ಮುದ್ರೆ ಒತ್ತುವಾಗ ಕಾಳು ಪುಡಿಯಾಗದಂತೆ. ಹೊರದೇಶಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಕಳಿಸಬೇಡಿ, ಮಗಳು ಎಷ್ಟೇ ಕೇಳಿದರೂ.

ಪ್ರತಿ ಬಗೆಯ ಒಂದು ಪೊಟ್ಟಣವನ್ನು, ಅದೇ ಬರಹದೊಂದಿಗೆ, ನಿಮ್ಮಲ್ಲೇ ಉಳಿಸಿಕೊಳ್ಳಿ. ಯಾರಾದರೂ ಬೀಜ ಮೊಳೆಯಲಿಲ್ಲ ಎಂದು ಹೇಳಿದಾಗ ಅದರಿಂದ ಹತ್ತು ಬೀಜ ತೆಗೆದು ಒದ್ದೆ ಬಟ್ಟೆಗೆ ಹಾಕಿ ನೋಡಿದರೆ, ಬೀಜದ ತಪ್ಪೋ ಬಿತ್ತಿದ ರೀತಿಯ ತಪ್ಪೋ ಎಂದು ಒಂದೆರಡು ವಾರದಲ್ಲಿ ತಿಳಿಯುತ್ತದೆ. ಅವಧಿ ಮೀರಿದ ದಂಟು, ಹರಿವೆಯ ಬೀಜ ಮಿಕ್ಕಿದ್ದರೆ ಹೊಸ ಪೊಟ್ಟಣಕ್ಕೆ ತುಂಬಲು ಹೋಗದೆ, ಒಂದು ಅಗಲ ಕುಂಡದಲ್ಲಿ ದಟ್ಟವಾಗಿ ಚೆಲ್ಲಿಬಿಡಿ. ಅರ್ಧ ಮೊಳೆತರೂ ಒಂದು ದಿನದ ಬಸ್ಸಾರಿಗೆ ಎಳೆಸೊಪ್ಪು ಸಿಗುತ್ತದೆ.